ವಾಯಿದೆ ತಪ್ಪಿ ವಾರಂಟ್ ಆದರೆ: ರೀಕಾಲ್ (ರದ್ದು) ಮಾಡಿಸಿಕೊಳ್ಳುವ ದಾರಿ

ಕೋರ್ಟಿನ ವಾಯಿದೆ ತಪ್ಪಿಸಿಕೊಂಡವರಲ್ಲಿ ಹೆಚ್ಚಿನವರು ಓಡಿಹೋದವರಲ್ಲ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋದ ಬೋಟು ದಡಕ್ಕೆ ಬಂದಿರುವುದಿಲ್ಲ. ಮುಂಬೈಯ ಹೋಟೆಲಿನಲ್ಲಿ ರಜೆ ಸಿಕ್ಕಿರುವುದಿಲ್ಲ. ವೀಸಾ ಬಂತೆಂದು ಕೇಸಿನ ನೆನಪೇ ಇಲ್ಲದೆ ಬಜ್ಪೆಯಲ್ಲಿ ವಿಮಾನ ಹತ್ತಿರುತ್ತಾರೆ. ಕಾರಣ ಏನೇ ಇರಲಿ, ನಂತರ ಹೆಚ್ಚಿನವರು ಹೇಳುವುದು ಒಂದೇ ಮಾತು: "ಪೊಲೀಸರು ಬಂದಾಗ ನೋಡುವ." ಕೇಸು ಕೆಡುವುದು ಇಲ್ಲಿಂದಲೇ.

ವಾರಂಟಿಗೆ ಅವಧಿ ಮುಗಿಯುವುದು ಎಂಬುದಿಲ್ಲ. ಹೊರಡಿಸಿದ ಕೋರ್ಟೇ ರದ್ದು ಮಾಡುವವರೆಗೆ ಅಥವಾ ಅದು ಜಾರಿಯಾಗುವವರೆಗೆ ಜೀವಂತವಾಗಿರುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 72(2)ನೇ ಕಲಮು ಹೇಳುವುದು ಇದನ್ನೇ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು 70(2) ಆಗಿತ್ತು. 2024ರ ಜುಲೈ 1ಕ್ಕೆ ಮೊದಲೇ ಕೋರ್ಟಿನಲ್ಲಿ ನಡೆಯುತ್ತಿದ್ದ ಕೇಸುಗಳಲ್ಲಿ ಈಗಲೂ ಹಳೆಯ ಕಲಮನ್ನೇ ನಮೂದಿಸುತ್ತಾರೆ. ಪೊಲೀಸರಿಗೆ ವಾರಂಟ್ ರದ್ದು ಮಾಡುವ ಅಧಿಕಾರವಿಲ್ಲ, ಠಾಣೆಯಲ್ಲಿ "ಸರಿ ಮಾಡಿಸಿಕೊಡುತ್ತೇನೆ" ಎನ್ನುವ ಮಧ್ಯವರ್ತಿಗೆ ಮೊದಲೇ ಇಲ್ಲ.

ವಾರಂಟ್ ಆದದ್ದು ಅದೇ ದಿನ ಗೊತ್ತಾದರೆ ಕೆಲಸ ಬಹಳ ಸುಲಭ. ಬೆಳಿಗ್ಗೆ ಹೆಸರು ಕೂಗಿದಾಗ ನೀವಿಲ್ಲದ ಕಾರಣ ಆರ್ಡರ್ ಶೀಟಿನಲ್ಲಿ ಎನ್‌ಬಿಡಬ್ಲ್ಯೂ (ಜಾಮೀನು ರಹಿತ ವಾರಂಟ್) ಎಂದು ಬರೆದಿರುತ್ತಾರೆ, ಆದರೆ ವಾರಂಟಿನ ಕಾಗದ ಇನ್ನೂ ತಯಾರಾಗಿರುವುದಿಲ್ಲ. ಬಸ್ಸು ಕೆಟ್ಟಿತೋ ಘಾಟಿಯಲ್ಲಿ ಗುಡ್ಡ ಕುಸಿಯಿತೋ, ಸಂಜೆ ಕೋರ್ಟು ಏಳುವುದರೊಳಗೆ ವಕೀಲರ ಜೊತೆ ಹಾಜರಾದರೆ ಅಲ್ಲೇ ರೀಕಾಲ್ ಆಗಿಬಿಡುವ ಸಾಧ್ಯತೆ ಹೆಚ್ಚು. ಮುಂದೆ ಹೇಳುವುದೆಲ್ಲ ಆ ದಿನ ದಾಟಿದವರಿಗೆ.

ಮೊದಲು: ಯಾವ ವಾರಂಟ್?

ಜಾಮೀನು ಸಹಿತ ವಾರಂಟ್ ಆಗಿದ್ದರೆ ಅದರ ಮೇಲೆಯೇ ಎಷ್ಟು ಮೊತ್ತದ ಮುಚ್ಚಳಿಕೆ (ಬಾಂಡ್), ಎಷ್ಟು ಜಾಮೀನುದಾರರು, ಯಾವ ದಿನ ಹಾಜರಾಗಬೇಕು ಎಂದು ಬರೆದಿರುತ್ತದೆ. ಪೊಲೀಸರು ಠಾಣೆಯಲ್ಲೇ ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕು. ಜಾಮೀನು ರಹಿತ ವಾರಂಟ್ ಅಂದರೆ ಎನ್‌ಬಿಡಬ್ಲ್ಯೂ ಆಗಿದ್ದರೆ ಠಾಣೆಯಲ್ಲಿ ಬಿಡುವಂತಿಲ್ಲ, ಕೋರ್ಟಿಗೇ ಹಾಜರುಪಡಿಸಬೇಕು. ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ (2007) ಸುಪ್ರೀಂ ಕೋರ್ಟು, ಸಾಮಾನ್ಯವಾಗಿ ಮೊದಲು ಸಮನ್ಸ್, ಆಮೇಲೆ ಜಾಮೀನು ಸಹಿತ ವಾರಂಟ್, ಕೊನೆಗೆ ಎನ್‌ಬಿಡಬ್ಲ್ಯೂ ಎಂಬ ಕ್ರಮ ಹೇಳಿದೆ. ನಿಮಗೆ ಸಮನ್ಸೇ ತಲುಪದೆ ನೇರವಾಗಿ ಎನ್‌ಬಿಡಬ್ಲ್ಯೂ ಆಗಿದ್ದರೆ ರೀಕಾಲ್ ಅರ್ಜಿಯಲ್ಲಿ ಆ ಅಂಶ ಬರಲೇಬೇಕು. ಮನೆ ಬದಲಾಯಿಸಿದವರ ಕೇಸಿನಲ್ಲಿ ಇದು ತೀರಾ ಸಾಮಾನ್ಯ: ಹಳೆಯ ವಿಳಾಸಕ್ಕೆ ಹೋದ ಸಮನ್ಸ್ "ಸದ್ರಿಯವರು ಈ ವಿಳಾಸದಲ್ಲಿ ವಾಸವಿಲ್ಲ" ಎಂಬ ಷರಾದೊಂದಿಗೆ ಹಿಂತಿರುಗಿರುತ್ತದೆ.

ಎನ್‌ಬಿಡಬ್ಲ್ಯೂ ಆದ ಮೇಲೂ ಸಿಗದೆ ಹೋದರೆ ಕೋರ್ಟು ಉದ್ಘೋಷಣೆ ಹೊರಡಿಸಬಹುದು (ಬಿಎನ್‌ಎಸ್‌ಎಸ್ ಕಲಮು 84). ಹಾಜರಾಗಲು ಕನಿಷ್ಠ 30 ದಿನ ಕೊಟ್ಟು, ಅದನ್ನು ಊರಲ್ಲಿ ಓದಿ ಹೇಳಿ, ಮನೆಯ ಬಾಗಿಲಿಗೆ ಅಂಟಿಸುತ್ತಾರೆ. ಆಸ್ತಿ ಜಪ್ತಿಗೂ ದಾರಿ ತೆರೆಯುತ್ತದೆ (ಕಲಮು 85). ಉದ್ಘೋಷಣೆಗೂ ಬಗ್ಗದಿರುವುದು ಭಾರತೀಯ ನ್ಯಾಯ ಸಂಹಿತೆಯ 209ನೇ ಕಲಮಿನಡಿ ಬೇರೆಯದೇ ಅಪರಾಧ, 3 ವರ್ಷದವರೆಗೆ ಶಿಕ್ಷೆ. ಗಂಭೀರ ಪ್ರಕರಣದಲ್ಲಿ ಘೋಷಿತ ಅಪರಾಧಿ ಎನಿಸಿಕೊಂಡರೆ 7 ವರ್ಷದವರೆಗೆ. ಜಾಮೀನಿನ ಮೇಲೆ ಇದ್ದು ಸರಿಯಾದ ಕಾರಣವಿಲ್ಲದೆ ಬಾರದಿರುವುದಕ್ಕೂ ಅದೇ ನ್ಯಾಯ ಸಂಹಿತೆಯ 269ನೇ ಕಲಮಿನಲ್ಲಿ 1 ವರ್ಷದವರೆಗೆ ಶಿಕ್ಷೆ ಇದೆ. ಮೂಲ ಕೇಸು ಚಿಕ್ಕದಾಗಿದ್ದರೂ ತಪ್ಪಿಸಿಕೊಂಡದ್ದು ದೊಡ್ಡದಾಗುವುದು ಹೀಗೆ.

ಕೊನೆಯದು ಪತ್ರಿಕೆಗಳಲ್ಲಿ ಆಗಾಗ ಓದುವ ಎಲ್‌ಪಿಸಿ, ಅಂದರೆ ದೀರ್ಘಕಾಲದಿಂದ ಬಾಕಿಯಿರುವ ಪ್ರಕರಣ. ಎಷ್ಟು ವಾರಂಟ್ ಹೊರಡಿಸಿದರೂ ಆಸಾಮಿ ಸಿಗದಿದ್ದಾಗ ಕಡತವನ್ನು ಆ ಪಟ್ಟಿಗೆ ಹಾಕಿಡುತ್ತಾರೆ. ಕೇಸು ಮುಚ್ಚಿತು ಎಂದು ಇದರರ್ಥವಲ್ಲ. ಹಳೆಯ ಎಲ್‌ಪಿಸಿ ವಾರಂಟ್ ಹಿಡಿದು ಆಸಾಮಿಗಳನ್ನು ಹುಡುಕುವುದಕ್ಕೇ ಠಾಣೆಗಳಲ್ಲಿ ಸಿಬ್ಬಂದಿಯನ್ನು ನೇಮಿಸುತ್ತಾರೆ. ಹತ್ತು ಹದಿನೈದು ವರ್ಷದ ಮೇಲೆ ಮದುವೆಗೋ ದೈವದ ನೇಮಕ್ಕೋ ಊರಿಗೆ ಬಂದವರು ಸಿಕ್ಕಿಬೀಳುವುದು ಇಂಥ ಕೇಸಿನಲ್ಲೇ.

ಜೀವನಾಂಶ ಬಾಕಿಯ ವಾರಂಟ್ ಮತ್ತು ದಂಡ ವಸೂಲಿ ವಾರಂಟ್ ಬೇರೆ ಜಾತಿಯವು. ಅಲ್ಲಿ ಕೇಳುವುದು ಹಣ. ಒಂದಷ್ಟನ್ನಾದರೂ ಕಟ್ಟದೆ, ಉಳಿದದ್ದಕ್ಕೆ ಕಂತು ಕೇಳದೆ ಬರೀ ರೀಕಾಲ್ ಅರ್ಜಿ ಹಾಕಿದರೆ ಕೆಲಸವಾಗುವುದಿಲ್ಲ.

ಕೇಸು ಈಗ ಎಲ್ಲಿದೆ?

ಇ-ಕೋರ್ಟ್ಸ್ ಜಾಲತಾಣ ಅಥವಾ ಆ್ಯಪಿನಲ್ಲಿ ಪ್ರತಿ ಕೇಸಿಗೂ ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ವಾಯಿದೆ, ಕೇಸಿನ ಹಂತ, ಹಿಂದಿನ ಪ್ರತಿ ವಾಯಿದೆಯಲ್ಲಿ ಏನಾಯಿತು ಎಂಬುದು ಬರುತ್ತದೆ. ಸಿಎನ್‌ಆರ್ ಇಲ್ಲದಿದ್ದರೆ ಸಿ.ಸಿ. (ಕ್ರಿಮಿನಲ್ ಕೇಸ್) ನಂಬರ್, ಅದೂ ಇಲ್ಲದಿದ್ದರೆ ಠಾಣೆ ಆರಿಸಿ ಎಫ್‌ಐಆರ್ ನಂಬರ್ ಮತ್ತು ವರ್ಷ. ಹೆಸರಿನಿಂದಲೂ ಹುಡುಕಬಹುದು, ಆದರೆ ನಮ್ಮ ಕಡೆ ಅದು ತಲೆನೋವು: ಒಂದೇ ಹೆಸರಿನ ಶೆಟ್ಟರು, ಪೂಜಾರಿಗಳು, ಡಿಸೋಜರು ಸಾಲುಸಾಲು, ಇಂಗ್ಲಿಷಿನಲ್ಲಿ ಬರೆಯುವ ರೀತಿಯೂ ಒಬ್ಬೊಬ್ಬ ಗುಮಾಸ್ತರದು ಒಂದೊಂದು. ಹೆಸರಿನ ಮೊದಲ ಮೂರು ನಾಲ್ಕು ಅಕ್ಷರ ಮಾತ್ರ ಹಾಕಿ, ಬಂದ ಪಟ್ಟಿಯಲ್ಲಿ ಹುಡುಕಿ.

ಯಾವ ಕೋರ್ಟು ಎಂಬುದು ಮನೆ ಎಲ್ಲಿದೆ ಎಂಬುದರಿಂದಲ್ಲ, ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆಯಿತು ಎಂಬುದರಿಂದ ತೀರ್ಮಾನವಾಗುತ್ತದೆ. ಮಂಗಳೂರು, ಮೂಡುಬಿದಿರೆ, ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ. ಆಚೆ ಉಡುಪಿ, ಕುಂದಾಪುರ, ಕಾರ್ಕಳ. ಇವು ಬೇರೆಬೇರೆ ಕಡೆಯ ಕೋರ್ಟುಗಳು. ಮಂಗಳೂರಿನ ಕೋರ್ಟು ಸಂಕೀರ್ಣದೊಳಗೂ ಒಂದಕ್ಕಿಂತ ಹೆಚ್ಚು ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್ ಕೋರ್ಟು) ಇರುವುದರಿಂದ ಎಷ್ಟನೆಯದು ಎಂದು ಬರೆದಿಟ್ಟುಕೊಳ್ಳಿ. ಒಂದು ಕೋರ್ಟಿನ ವಾರಂಟನ್ನು ಪಕ್ಕದ ಕೋಣೆಯ ಕೋರ್ಟು ರದ್ದು ಮಾಡುವುದಿಲ್ಲ.

ಹಳೆಯ ನಂಬರ್ ಹಾಕಿದರೆ ಕೇಸು "ಇತ್ಯರ್ಥ" ಎಂದು ತೋರಿಸಿತೇ? ಸಂತೋಷಪಡಲು ಅವಸರ ಬೇಡ. ನಾಲ್ಕು ಜನ ಆರೋಪಿಗಳಲ್ಲಿ ಒಬ್ಬ ಬಾರದಿದ್ದರೆ ಅವನ ಮಟ್ಟಿಗೆ ಕೇಸನ್ನು ಬೇರ್ಪಡಿಸಿ ಹೊಸ ಸಿ.ಸಿ. ನಂಬರ್ ಕೊಡುತ್ತಾರೆ, ಉಳಿದವರ ಕೇಸು ಮುಗಿದಿರುತ್ತದೆ, ಇವನದು ಹೊಸ ನಂಬರಿನಲ್ಲಿ ನಿಂತಿರುತ್ತದೆ. ಉಳಿದವರು ಖುಲಾಸೆಯಾದರೆ ಬಾರದವನೂ ತಾನಾಗಿ ಖುಲಾಸೆಯಾಗುವುದಿಲ್ಲ. ಅದನ್ನೇ ಕಾರಣವಾಗಿಟ್ಟು ಕೇಸು ರದ್ದುಪಡಿಸುವಂತೆ ಹೈಕೋರ್ಟನ್ನು ಕೇಳಬಹುದು. ನಮ್ಮ ಎರಡೂ ಜಿಲ್ಲೆಗಳು (ದಕ್ಷಿಣ ಕನ್ನಡ, ಉಡುಪಿ) ಬೆಂಗಳೂರು ಪೀಠಕ್ಕೆ ಸೇರಿದವು. ಹಾಗಾಗಿ ಮಾಡಿಸುವ ಮೊದಲು ಖರ್ಚು, ಸಮಯ ಎರಡನ್ನೂ ಲೆಕ್ಕ ಹಾಕಬೇಕು.

ಚೆಕ್ ಬೌನ್ಸ್ ಕೇಸಿನಂಥ ಖಾಸಗಿ ದೂರಿನಲ್ಲಿ ಇನ್ನೊಂದು ಸಂಗತಿ ಇದೆ. ವಾರಂಟ್ ಹೊರಡಲು ದೂರುದಾರರು ಪ್ರೊಸೆಸ್ ಫೀ, ಅಂದರೆ ಪಿಎಫ್, ಕಟ್ಟಬೇಕು. ಕಟ್ಟದಿದ್ದರೆ ಆದೇಶ ಕಡತದಲ್ಲೇ ಉಳಿದು, ಠಾಣೆಗೆ ಕಾಗದವೇ ಹೋಗಿರುವುದಿಲ್ಲ. ಇದನ್ನು ನೆಮ್ಮದಿ ಎಂದುಕೊಳ್ಳುವವರಿದ್ದಾರೆ; ದೂರುದಾರರಿಗೆ ಸಿಟ್ಟು ಬಂದ ದಿನ ಪಿಎಫ್ ಕಟ್ಟುತ್ತಾರೆ, ಅಷ್ಟೇ.

ವಕೀಲರು, ಅರ್ಜಿ

ಹಿಂದಿನ ವಕೀಲರೇ ಮುಂದುವರಿದರೆ ಹೊಸ ವಕಾಲತ್ತು ಬೇಡ. ಬದಲಾಯಿಸುವುದಾದರೆ ಅವರಿಂದ ಒಪ್ಪಿಗೆ ಬರೆಸಿಕೊಂಡು ಹೊಸ ವಕಾಲತ್ತು ಹಾಕಬೇಕು. ಇದನ್ನು ಕೋರ್ಟಿಗೆ ಹೋಗುವ ದಿನ ಬೆಳಿಗ್ಗೆ ಮಾಡಲು ಹೊರಟರೆ ಆ ದಿನವೇ ಹೋಗುತ್ತದೆ. ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಆದಾಯ ಮಿತಿಯೊಳಗಿನವರು, ಇವರಿಗೆಲ್ಲ ವಕೀಲರು ಉಚಿತ. ಸಹಾಯವಾಣಿ 15100.

ಹಾಕಬೇಕಾದ ಕಾಗದ ಮುಖ್ಯವಾಗಿ ಮೂರು. ವಾರಂಟ್ ರೀಕಾಲ್ ಅರ್ಜಿ; ಮುಂದಿನ ವಾಯಿದೆ ದೂರವಿದ್ದರೆ ಕೇಸನ್ನು ಇವತ್ತೇ ಕೂಗಬೇಕೆಂದು ಅಡ್ವಾನ್ಸ್‌ಮೆಂಟ್ ಅರ್ಜಿ; ಮುಚ್ಚಳಿಕೆ ಮುಟ್ಟುಗೋಲಾಗಿದ್ದರೆ ಹೊಸ ಜಾಮೀನಿಗೆ ಅರ್ಜಿ. ಎಲ್‌ಪಿಸಿಗೆ ಹೋದ ಕಡತವನ್ನು ಹುಡುಕಿಸಿ ಮೇಲೆ ತರಿಸಲು ಸಮಯ ಹಿಡಿಯುತ್ತದೆ. ಹಾಗಾಗಿ ಕೆಲವು ದಿನ ಮೊದಲೇ ವಕೀಲರು ಕೋರ್ಟಿನ ಕಚೇರಿಯಲ್ಲಿ ವಿಚಾರಿಸಿರಬೇಕು. ಕಡತ ಸಿಗದ ದಿನ ನೀವು ಹೋಗಿ ನಿಂತರೆ ಏನೂ ನಡೆಯುವುದಿಲ್ಲ.

ಅರ್ಜಿಯಲ್ಲಿ ಬರೆಯುವ ಕಾರಣದ ಬಗ್ಗೆ ಒಂದು ಮಾತು. "ಅನಾರೋಗ್ಯದ ನಿಮಿತ್ತ" ಎಂಬ ಸಾಲನ್ನು ಮ್ಯಾಜಿಸ್ಟ್ರೇಟರು ದಿನಕ್ಕೆ ಹತ್ತು ಬಾರಿ ಓದುತ್ತಾರೆ. ಆಸ್ಪತ್ರೆಯಲ್ಲಿದ್ದರೆ ದಾಖಲಾದ ಮತ್ತು ಬಿಡುಗಡೆಯಾದ ತಾರೀಖು ಇರುವ ಡಿಸ್‌ಚಾರ್ಜ್ ಸಮ್ಮರಿ ಲಗತ್ತಿಸಿ. ನಿನ್ನೆ ಬರೆಸಿದ ಒಂದು ಸಾಲಿನ ಸರ್ಟಿಫಿಕೇಟಿಗೆ ಬೆಲೆಯಿಲ್ಲ. ವಿದೇಶದಲ್ಲಿದ್ದರೆ ಪಾಸ್‌ಪೋರ್ಟಿನ ಮುದ್ರೆಯ ಪುಟಗಳು. ಬೋಟಿನಲ್ಲಿದ್ದರೆ ಬೋಟಿನ ಮಾಲೀಕರ ಪತ್ರ, ಆದರೆ ತಾರೀಖು ನೋಡಿಕೊಳ್ಳಿ: ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಎಂಬುದು ಇಲ್ಲಿನ ಯಾವ ಕೋರ್ಟಿಗೂ ಗೊತ್ತಿರುವ ವಿಷಯ. ಮರೆತದ್ದಾದರೆ ಮರೆತೆ ಎನ್ನುವುದೇ ವಾಸಿ.

ಜಾಮೀನುದಾರರು

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. "ನನ್ನದು ಬೇಲೆಬಲ್ ಕೇಸು, ಹೋದರೆ ಬಿಡಲೇಬೇಕು" ಎಂಬ ಧೈರ್ಯದಲ್ಲಿ ಬರಿಗೈಯಲ್ಲಿ ಬರುತ್ತಾರೆ. ಚೆಕ್ ಬೌನ್ಸ್ ಜಾಮೀನು ಸಿಗುವ ಅಪರಾಧವೇ, ನಿಜ. ಆದರೆ ಒಮ್ಮೆ ಜಾಮೀನು ಪಡೆದು ವಾಯಿದೆ ತಪ್ಪಿಸಿದವನಿಗೆ ಮುಂದಿನ ಸಲ ಜಾಮೀನು ನಿರಾಕರಿಸುವ ಅಧಿಕಾರ ಬಿಎನ್‌ಎಸ್‌ಎಸ್‌ನ 478(2)ರಲ್ಲಿ ಕೋರ್ಟಿಗಿದೆ. ಹಾಗೆಯೇ, ತಪ್ಪಿಸಿದ್ದಕ್ಕೆ ಸರಿಯಾದ ಕಾರಣವಿಲ್ಲ ಎಂದು ಕೋರ್ಟಿಗೆ ಕಂಡರೆ, 492ನೇ ಕಲಮಿನ ಪ್ರಕಾರ ಬರೀ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವಂತಿಲ್ಲ. ಹಾಗಾಗಿ ಹೊಸ ಜಾಮೀನುದಾರರನ್ನು ಕರೆದುಕೊಂಡೇ ಹೋಗಬೇಕು. ಒಬ್ಬರು ಸಾಕು ಎಂದಿದ್ದರೂ ಇಬ್ಬರಿರಲಿ.

ಅವರ ಬಳಿ ಇರಬೇಕಾದದ್ದು: ಆಧಾರ್ ಮೂಲ ಮತ್ತು ಜೆರಾಕ್ಸ್, ಪಾಸ್‌ಪೋರ್ಟ್ ಅಳತೆಯ ಫೋಟೊ, ಹೊಸದಾಗಿ ತೆಗೆದ ಆರ್‌ಟಿಸಿ (ಪಹಣಿ) ಅಥವಾ ಪಂಚಾಯತಿನ ನಮೂನೆ 9 ಮತ್ತು 11, ಪೇಟೆಯಲ್ಲಿ ಮನೆಯಿದ್ದರೆ ಖಾತೆ ಮತ್ತು ಈ ವರ್ಷದ ತೆರಿಗೆ ರಶೀದಿ. ಆರ್‌ಟಿಸಿಯನ್ನು ಮನೆಯಲ್ಲೇ ಒಮ್ಮೆ ಸರಿಯಾಗಿ ಓದಿ. 9ನೇ ಕಾಲಮಿನಲ್ಲಿ ಜಾಮೀನುದಾರರ ಹೆಸರು ಆಧಾರಿನಲ್ಲಿ ಇದ್ದಂತೆಯೇ ಇದೆಯೇ? ಕುಟುಂಬದ ಜಾಗವೆಂದು ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಹನ್ನೊಂದು ಹೆಸರು ಸಾಲಾಗಿ ಇರುವ ಪಹಣಿ ನಮ್ಮಲ್ಲಿ ಬೇಕಾದಷ್ಟು. ಅದರಲ್ಲಿ ಒಬ್ಬರ ಪಾಲು ಎಷ್ಟು ಎಂಬ ಪ್ರಶ್ನೆ ಎದ್ದರೆ ಜಾಮೀನು ತಿರಸ್ಕೃತವಾಗಬಹುದು. 11ನೇ ಕಾಲಮಿನಲ್ಲಿ ಸೊಸೈಟಿ ಸಾಲ, ಬ್ಯಾಂಕಿನ ಭೋಜ (ಋಣಭಾರ) ಎಷ್ಟಿದೆ ಎಂದೂ ನೋಡಿ. ಒಬ್ಬರ ಹೆಸರಿನಲ್ಲೇ ಇರುವ, ಸಾಲ ಕಡಿಮೆಯಿರುವ ಹತ್ತು ಸೆಂಟ್ಸ್ ಜಾಗ, ಹನ್ನೊಂದು ಹೆಸರಿನ ಎರಡು ಎಕರೆ ತೋಟಕ್ಕಿಂತ ಇಲ್ಲಿ ಉಪಯುಕ್ತ.

ಜಾಮೀನು ನಿಲ್ಲುವವರು ಈಗಾಗಲೇ ಬೇರೆ ಯಾರಿಗೆಲ್ಲ ನಿಂತಿದ್ದಾರೆ ಎಂದು ಪ್ರಮಾಣಪತ್ರದಲ್ಲಿ ಹೇಳಬೇಕು (ಕಲಮು 486). ಕೋರ್ಟಿನ ಆವರಣದಲ್ಲೇ ಸಿಗುವ ಬಾಡಿಗೆ ಜಾಮೀನುದಾರರ ತಂಟೆಗೆ ಹೋಗಬೇಡಿ. ಸುಳ್ಳು ದಾಖಲೆ ಪತ್ತೆಯಾದರೆ ನಿಮ್ಮ ಮೇಲೂ ಹೊಸ ಕೇಸು. ಯಾರೂ ಸಿಗದಿದ್ದರೆ ನಗದು ಠೇವಣಿಗೆ ಅವಕಾಶ ಕೊಡಿ ಎಂದು 490ನೇ ಕಲಮಿನಲ್ಲಿ ಕೇಳಬಹುದು. ಮುಂಬೈ, ಗಲ್ಫಿನಲ್ಲಿ ಇದ್ದು ಊರಿನ ನಂಟು ಕಡಿಮೆಯಾದವರಿಗೆ ಇದೇ ಅನುಕೂಲ.

ಹಳೆಯ ಜಾಮೀನುದಾರರನ್ನು ಮರೆಯುವುದು ಇನ್ನೊಂದು ದೊಡ್ಡ ತಪ್ಪು. ನೀವು ಬಾರದಿದ್ದಕ್ಕೆ ಅವರಿಗೆ 491ನೇ ಕಲಮಿನಡಿ ನೋಟಿಸ್ ಹೋಗಿರುತ್ತದೆ, ಮುಚ್ಚಳಿಕೆಯ ಹಣ ಕಟ್ಟಬೇಕಾಗುತ್ತದೆ. ಹಾಜರಾಗುವ ದಿನ ಅವರನ್ನೂ ಕರೆದೊಯ್ದು, ಮೊತ್ತವನ್ನು ಕಡಿಮೆ ಮಾಡಬೇಕೆಂದು ಅರ್ಜಿ ಹಾಕಿಸಿ. ಕಡಿಮೆ ಮಾಡುವ ಅಧಿಕಾರ ಕೋರ್ಟಿಗಿದೆ. ಭಾವನೋ ಮಾವನೋ ಜಾಮೀನು ನಿಂತು ದಂಡ ಕಟ್ಟಿದ ಮನೆಯಲ್ಲಿ ಎರಡನೇ ಸಲ ಜಾಮೀನುದಾರರು ಹುಟ್ಟುವುದಿಲ್ಲ.

ಹಾಜರಾಗುವ ದಿನ

ಮರುದಿನ ರಜೆ ಇರುವ ದಿನವನ್ನು ಆರಿಸಬೇಡಿ. ಶುಕ್ರವಾರ ಸಂಜೆ ಜಾಮೀನುದಾರರ ದಾಖಲೆಯಲ್ಲಿ ಕೊರತೆ ಕಂಡು, ಶನಿವಾರ ಭಾನುವಾರ ರಜೆಯಾದರೆ ಸೋಮವಾರದ ತನಕ ಒಳಗಿರಬೇಕಾಗುತ್ತದೆ. ಸೋಮವಾರದಿಂದ ಗುರುವಾರದೊಳಗಿನ ದಿನವಾದರೆ ತಪ್ಪಾದರೂ ಮರುದಿನ ಸರಿಪಡಿಸಬಹುದು. ಮ್ಯಾಜಿಸ್ಟ್ರೇಟರು ರಜೆಯಲ್ಲಿಲ್ಲ ಎಂಬುದನ್ನೂ ವಕೀಲರು ಹಿಂದಿನ ಸಂಜೆ ಕೇಳಿಟ್ಟುಕೊಳ್ಳಲಿ.

ಹತ್ತೂವರೆಗೆ ಅಲ್ಲಿರಿ. ಹನ್ನೊಂದಕ್ಕೆ ಕೋರ್ಟು ಕೂತ ಕೂಡಲೇ ವಕೀಲರು ಅಡ್ವಾನ್ಸ್‌ಮೆಂಟ್ ಅರ್ಜಿಯನ್ನು ಕೊಡುತ್ತಾರೆ, ಕಡತ ತರಿಸುತ್ತಾರೆ. ಹೆಸರು ಕೂಗಿದಾಗ ಫೋನ್ ಆಫ್ ಮಾಡಿ ಎದುರು ಹೋಗಿ ನಿಲ್ಲಿ. ಪೊಲೀಸ್ ಕೇಸಾದರೆ ಎಪಿಪಿ (ಸರ್ಕಾರದ ಪರ ವಕೀಲರು) ತಕರಾರು ಹೇಳಬಹುದು, ಖಾಸಗಿ ದೂರಾದರೆ ಎದುರು ಪಕ್ಷದ ವಕೀಲರು. ಮ್ಯಾಜಿಸ್ಟ್ರೇಟರು ನಿಮ್ಮನ್ನೇ "ಯಾಕೆ ಬರಲಿಲ್ಲ?" ಎಂದು ಕೇಳಿದರೆ ಎರಡು ವಾಕ್ಯದಲ್ಲಿ ಮುಗಿಸಿ, "ಇನ್ನು ತಪ್ಪದೆ ಬರುತ್ತೇನೆ ಸ್ವಾಮಿ" ಎಂದರೆ ಸಾಕು. ಹಳೆಯ ವಕೀಲರ ಮೇಲೆ ತಪ್ಪು ಹೊರಿಸುವ ಭಾಷಣ ಅಲ್ಲಿ ನಡೆಯುವುದಿಲ್ಲ.

ರೀಕಾಲ್ ಆದರೆ ಸಾಮಾನ್ಯವಾಗಿ ಒಂದು ದಂಡ ಹಾಕುತ್ತಾರೆ. ಅದನ್ನು ಕೋರ್ಟಿನ ಕಚೇರಿಯಲ್ಲಿ ಕಟ್ಟಿ ರಶೀದಿ ತೆಗೆದುಕೊಳ್ಳಿ. ದಂಡ ಕಟ್ಟಿ, ಜಾಮೀನುದಾರರ ಕಾಗದ ಒಪ್ಪಿಗೆಯಾಗಿ, ಮುಚ್ಚಳಿಕೆಗೆ ಸಹಿ ಬೀಳುವವರೆಗೆ ನಿಮ್ಮನ್ನು ಕೋರ್ಟಿನ ವಶದಲ್ಲೇ ಕೂರಿಸಬಹುದು. ಮಧ್ಯಾಹ್ನ ಊಟದ ಹೊತ್ತಿಗೆ "ಈಗ ಬಂದೆ" ಎಂದು ಹೊರಗೆ ಹೋದವನ ಹೆಸರು ಕೂಗಿದಾಗ ಅವನಿಲ್ಲದಿದ್ದರೆ ಬೆಳಗಿನಿಂದ ಮಾಡಿದ ಕೆಲಸವೆಲ್ಲ ನೀರು.

ಅರ್ಜಿ ತಿರಸ್ಕಾರವಾದರೆ ನ್ಯಾಯಾಂಗ ಬಂಧನ. ಮಂಗಳೂರಾದರೆ ಕೊಡಿಯಾಲ್‌ಬೈಲ್, ಉಡುಪಿಯಾದರೆ ಹಿರಿಯಡ್ಕದ ಕಾಜಾರಗುತ್ತು. ಈ ಸಾಧ್ಯತೆಗೂ ತಯಾರಾಗಿ ಹೋಗಿ: ನಿತ್ಯ ತೆಗೆದುಕೊಳ್ಳುವ ಮಾತ್ರೆ ಮತ್ತು ಅದರ ಚೀಟಿ ಕಿಸೆಯಲ್ಲಿರಲಿ, ಚಿನ್ನ, ಫೋನು, ದ್ವಿಚಕ್ರದ ಕೀಲಿ ಜೊತೆಗೆ ಬಂದವರ ಕೈಯಲ್ಲಿರಲಿ. ಜಾಮೀನು ಆದೇಶ ಆದ ಮೇಲೂ ಬಿಡುಗಡೆಯ ಆದೇಶ ಜೈಲಿಗೆ ಸಂಜೆಯೊಳಗೆ ತಲುಪದಿದ್ದರೆ ಇನ್ನೊಂದು ರಾತ್ರಿ ಅಲ್ಲೇ.

ಪೊಲೀಸರೇ ಮೊದಲು ಬಂದರೆ

ಓಡಬೇಡಿ, ಜಗಳವಾಡಬೇಡಿ, ಅದು ಹೊಸ ಎಫ್‌ಐಆರಿಗೆ ದಾರಿ. ವಾರಂಟ್ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ (ಕಲಮು 77). ಕೇಸ್ ನಂಬರ್, ಕೋರ್ಟು, ತಂದೆಯ ಹೆಸರು ಓದಿ. ಒಂದೇ ಹೆಸರಿನ ಇನ್ನೊಬ್ಬರ ವಾರಂಟ್ ಹಿಡಿದು ಬಂದಿದ್ದರೆ ಆಧಾರ್ ತೋರಿಸಿ, ತಂದೆಯ ಹೆಸರಿನ ವ್ಯತ್ಯಾಸವನ್ನು ಅಲ್ಲೇ ಹೇಳಿ. ಮನೆಯವರಿಗೆ ತಿಳಿಸುವಂತೆ ಹೇಳಿ. ಮಹಿಳೆಯರನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಬಂಧಿಸುವಂತಿಲ್ಲ. ಅಪರೂಪದ ಸಂದರ್ಭದಲ್ಲಿ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬರಬೇಕು. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸಬೇಕು. ಮನೆಯವರು ಆ ಸಮಯದಲ್ಲಿ ಮಾಡಬೇಕಾದದ್ದು ಠಾಣೆಯ ಎದುರು ಕಾಯುವುದಲ್ಲ, ವಕೀಲರನ್ನೂ ಜಾಮೀನುದಾರರನ್ನೂ ಕೋರ್ಟಿನ ಹತ್ತಿರ ತಂದು ನಿಲ್ಲಿಸುವುದು.

ಬೇರೆ ಜಿಲ್ಲೆಯಲ್ಲಿ ಸಿಕ್ಕಿಬಿದ್ದರೆ, ಉದಾಹರಣೆಗೆ ಕಾರ್ಕಳದ ವಾರಂಟ್ ಮುಂಬೈಯಲ್ಲಿ ಜಾರಿಯಾದರೆ, ಅಲ್ಲಿನ ಮ್ಯಾಜಿಸ್ಟ್ರೇಟರ ಎದುರು ಕರೆದೊಯ್ಯುತ್ತಾರೆ. ಅಪರಾಧ ಜಾಮೀನು ಸಿಗುವಂಥದ್ದಾಗಿದ್ದು ನೀವು ಜಾಮೀನು ಕೊಡಲು ತಯಾರಿದ್ದರೆ ಅಲ್ಲೇ ಕೊಟ್ಟು, ಕಾರ್ಕಳಕ್ಕೆ ನೀವಾಗಿಯೇ ಬರಬಹುದು (ಕಲಮು 83). ಇದನ್ನು ಕೇಳದೆ ಪೊಲೀಸರ ಜೊತೆ ರೈಲು ಹತ್ತುವವರೇ ಹೆಚ್ಚು.

ವಿಡಿಯೊ ಕರೆ ಮಾಡಿ "ನಿಮ್ಮ ಮೇಲೆ ವಾರಂಟ್ ಇದೆ, ಈ ಖಾತೆಗೆ ಹಣ ಹಾಕಿ" ಎನ್ನುವವರು ಪೊಲೀಸರಲ್ಲ. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ. ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಿ.

ವಿದೇಶದಲ್ಲಿದ್ದವರಿಗೆ

ವಾರಂಟ್ ಅಥವಾ ಕ್ರಿಮಿನಲ್ ಕೇಸು ಬಾಕಿಯಿದ್ದರೆ ಪಾಸ್‌ಪೋರ್ಟ್ ನವೀಕರಣವನ್ನು ನಿರಾಕರಿಸಲು 1967ರ ಪಾಸ್‌ಪೋರ್ಟ್ ಕಾಯ್ದೆಯ 6(2)ನೇ ಕಲಮಿನಲ್ಲಿ ಅವಕಾಶವಿದೆ. ಕೇಸು ನಡೆಯುತ್ತಿರುವಾಗಲೂ ಕೋರ್ಟಿನ ಅನುಮತಿ ಇದ್ದರೆ ಪಾಸ್‌ಪೋರ್ಟ್ ಸಿಗುತ್ತದೆ. ಅವಧಿ ಎಷ್ಟೆಂದು ಆದೇಶದಲ್ಲಿ ಬರೆಸದಿದ್ದರೆ ಒಂದೇ ವರ್ಷಕ್ಕೆ ಕೊಡುತ್ತಾರೆ, ಆದ್ದರಿಂದ ಅನುಮತಿಯ ಅರ್ಜಿಯಲ್ಲೇ ವರ್ಷ ನಮೂದಿಸಿ ಕೇಳಿ. ಆದರೆ ವಾರಂಟ್ ತಲೆಯ ಮೇಲಿರುವಾಗ ಆ ಅನುಮತಿ ಸಿಗುವುದು ಕಷ್ಟ; ಮೊದಲು ರೀಕಾಲ್, ಆಮೇಲೆ ಅನುಮತಿ. ಲುಕ್‌ಔಟ್ ನೋಟಿಸ್ ಇದ್ದರೆ ವಿಮಾನ ಇಳಿದಲ್ಲೇ ತಡೆಯುತ್ತಾರೆ. ಹಾಗಾಗಿ ಟಿಕೆಟ್ ತೆಗೆಯುವ ಮೊದಲೇ ವಕಾಲತ್ತಿಗೆ ಸಹಿ ಹಾಕಿ ಕಳಿಸಿ, ಜಾಮೀನುದಾರರನ್ನು ಗೊತ್ತು ಮಾಡಿ. ಎರಡು ವಾರದ ರಜೆಯಲ್ಲಿ ಬರುವವರು ಮೊದಲ ವಾರದಲ್ಲೇ ಹಾಜರಾಗಬೇಕು, ಹಿಂತಿರುಗುವ ಮುನ್ನಾದಿನ ಅಲ್ಲ.

ರೀಕಾಲ್ ಆದ ಮೇಲೆ

ಕೋರ್ಟಿನಲ್ಲಿ ವಾರಂಟ್ ರದ್ದಾದರೂ ಅದರ ಕಾಗದ ಠಾಣೆಯಲ್ಲೇ ಇರುತ್ತದೆ. ರೀಕಾಲಿನ ಸುದ್ದಿ ಠಾಣೆಗೆ ಹೋಗಿ ರಿಜಿಸ್ಟರಿನಲ್ಲಿ ನಮೂದಾಗದಿದ್ದರೆ, ಮುಂದಿನ ತಿಂಗಳು ಯಾರೋ ಪೇದೆ ಹಳೆಯ ಪಟ್ಟಿ ಹಿಡಿದು ಮನೆಗೆ ಬರುತ್ತಾರೆ. ಹಾಗಾಗಿ ಅದೇ ದಿನ ನಕಲು ಅರ್ಜಿ ಹಾಕಿ ಆದೇಶದ ದೃಢೀಕೃತ ಪ್ರತಿ ಪಡೆಯಿರಿ. ಬೆಂಚ್ ಕ್ಲರ್ಕ್ ಮೂಲಕ ಠಾಣೆಗೆ ತಿಳಿವಳಿಕೆ ಹೋಯಿತೇ ಎಂದು ವಕೀಲರಿಂದ ವಿಚಾರಿಸಿ, ಆ ಠಾಣೆಯ ಕೋರ್ಟ್ ಪಿಸಿಗೂ (ಕೋರ್ಟಿನ ಕೆಲಸ ನೋಡುವ ಪೇದೆ) ಒಂದು ಜೆರಾಕ್ಸ್ ಕೊಟ್ಟುಬಿಡಿ. ಇನ್ನೊಂದು ಪ್ರತಿ ಕೇಸು ಮುಗಿಯುವವರೆಗೆ ಪರ್ಸಿನಲ್ಲಿರಲಿ, ಫೋಟೊ ಫೋನಿನಲ್ಲಿರಲಿ.

ಮುಂದೆ ಬರಲಾಗದ ವಾಯಿದೆಗಳಿಗೆ ಆ ದಿನ ಬೆಳಿಗ್ಗೆಯೇ ಹಾಜರಾತಿ ವಿನಾಯಿತಿ ಅರ್ಜಿ ಹಾಕಿಸಬೇಕು (ಕಲಮು 355). ಪ್ರತಿ ಸಲ ಬರುವುದೇ ಅಸಾಧ್ಯವಾದ ಕೆಲಸದಲ್ಲಿದ್ದರೆ 228ನೇ ಕಲಮಿನಡಿ ಖಾಯಂ ವಿನಾಯಿತಿ ಕೇಳಿ. ಚೆಕ್ ಕೇಸಿನಂಥವುಗಳಲ್ಲಿ ಕೊಡುತ್ತಾರೆ. ಅದು ಸಿಕ್ಕರೂ ಆರೋಪ ಓದಿ ಹೇಳುವ ದಿನ, ಸಾಕ್ಷಿ ಮುಗಿದ ಮೇಲೆ ನಿಮ್ಮ ಹೇಳಿಕೆ ಪಡೆಯುವ ದಿನ, ತೀರ್ಪಿನ ದಿನ ಬರಬೇಕಾಗುತ್ತದೆ. ವಿಳಾಸ, ಫೋನ್ ನಂಬರ್ ಬದಲಾದರೆ ವಕೀಲರಿಗೆ ಬಾಯಲ್ಲಿ ಹೇಳುವುದು ಸಾಲದು, ಕೋರ್ಟಿಗೆ ಮೆಮೊ ಹಾಕಿಸಿ.

ಕೇಸು ಮುಗಿದ ಮೇಲೆ ನಗದು ಠೇವಣಿ ತಾನಾಗಿ ಖಾತೆಗೆ ಬರುವುದಿಲ್ಲ. ಮೇಲ್ಮನವಿಯ ಅವಧಿ ಕಳೆದ ಬಳಿಕ ಠೇವಣಿಯ ರಶೀದಿ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಇಟ್ಟು ವಾಪಸಾತಿ ಅರ್ಜಿ ಕೊಡಬೇಕು. ಜಾಮೀನುದಾರರು ಮೂಲ ದಾಖಲೆ ಕೊಟ್ಟಿದ್ದರೆ ಅವನ್ನೂ ಅದೇ ದಿನ ಹಿಂದಕ್ಕೆ ಕೇಳಿ ಪಡೆಯಿರಿ.